ಮಾವನವರ ಮುಂದೆ ಡಿಜಿಟಲ್ ರೇಡಿಯೊ

ವಿಕ್ರೋಳಿಯ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ಹದಿನೆಂಟು ವರ್ಷ ನಟ್ಟು ಬೋಲ್ಟು ಎಣಿಸಿದ ಮನುಷ್ಯ ನಾನು. ಆದ್ದರಿಂದ ಯಂತ್ರಗಳ ವಿಷಯದಲ್ಲಿ ನಾನು ನಿಪುಣನೆಂದು ನಂಬಿಕೊಂಡಿದ್ದರೆ ಅದನ್ನು ಅಹಂಕಾರ ಎನ್ನಲಾಗದು. ಬೊರಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಯಾರ ಮನೆಯ ಮಿಕ್ಸರ್ ಕೆಟ್ಟರೂ ಕರೆಯದೆಯೇ ಹೋಗಿ ನೋಡುತ್ತಿದ್ದೆ. ನಾನು ನೋಡಿ ಬಂದ ಮೇಲೆ ಅವರು ಮೆಕ್ಯಾನಿಕ್‌ನನ್ನು ಕರೆಸುತ್ತಿದ್ದರು, ಅದು ಬೇರೆ ಮಾತು.

ನನ್ನ ಈ ಕೀರ್ತಿ ಮಾಟುಂಗದ ಕನ್ನಡ ಸಂಘದವರೆಗೂ ಹಬ್ಬಿತ್ತೆಂದು ಕಾಣುತ್ತದೆ. ಒಂದು ದಿನ ಸಂಘದ ಕಾರ್ಯದರ್ಶಿಗಳು ನನ್ನನ್ನು ಮೂಲೆಗೆ ಕರೆದು, ರೇಡಿಯೊ ನಿಲಯದವರಿಗೆ ಕನ್ನಡದಲ್ಲಿ ಹತ್ತು ನಿಮಿಷದ ಭಾಷಣ ಬೇಕಂತೆ, ವಿಷಯ ‘ಮನೆಯಲ್ಲಿ ಹೊಸ ಉಪಕರಣಗಳ ಬಳಕೆ’, ಮಾತಾಡಬೇಕಿದ್ದ ಎಂಜಿನಿಯರಿಗೆ ಗಂಟಲು ಕಟ್ಟಿದೆ ಎಂದರು. ಉಳಿದದ್ದನ್ನು ಅವರು ಹೇಳುವ ಮುಂಚೆಯೇ ನಾನು ಒಪ್ಪಿಯಾಗಿತ್ತು. ಆಫೀಸಿನಲ್ಲಿ ಯಾರೋ ಬಿಟ್ಟುಹೋಗಿದ್ದ ಇಂಗ್ಲಿಷ್ ಪತ್ರಿಕೆಯಲ್ಲಿ ಡಿಜಿಟಲ್ ರೇಡಿಯೊ ಬಗ್ಗೆ ಒಂದು ಲೇಖನವಿತ್ತು. ಅದನ್ನು ಘನವಾದ ಕನ್ನಡಕ್ಕೆ ಇಳಿಸಿದೆ. ಅಂಥ ರೇಡಿಯೊವನ್ನು ನಾನು ಆವರೆಗೆ ಅಂಗಡಿಯ ಗಾಜಿನಾಚೆಯಿಂದ ನೋಡಿದ್ದು ಬಿಟ್ಟರೆ ಮುಟ್ಟಿರಲಿಲ್ಲ. ಅರ್ಧ ದಿನ ರಜಾ ಹಾಕಿ, ಮದುವೆಯ ಕೋಟು ತೊಟ್ಟು ಹೋಗಿ, ಗಡಗಡ ನಡುಗುತ್ತಾ ಓದಿ ಬಂದೆ. ಮೂರು ವಾರ ಕಳೆದು, ಭಾನುವಾರ ಸಂಜೆ ಆರೂವರೆಗೆ ಪ್ರಸಾರ ಎಂದರು.

ಈ ಸಂಗತಿಯನ್ನು ಯಾರಿಗೂ ಹೇಳಲಿಲ್ಲ, ಹೆಂಡತಿ ಪದ್ಮಳಿಗೂ ಹೇಳಲಿಲ್ಲ. ಕಾರಣ ನನ್ನ ಮಾವನವರು.

ಮಾವನವರು ಮೈಸೂರಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮಗಳನ್ನು ಎಂಜಿನಿಯರಿಗೇ ಕೊಡಬೇಕೆಂದು ಅವರು ಹಟ ತೊಟ್ಟಿದ್ದರಂತೆ. ಸಂಬಂಧ ತಂದವರು ‘ಹುಡುಗ ಬೊಂಬಾಯಿಯ ದೊಡ್ಡ ಕಾರ್ಖಾನೆಯಲ್ಲಿದ್ದಾನೆ’ ಎಂದು ಹೇಳಿ ಅಲ್ಲಿಗೇ ಮಾತು ನಿಲ್ಲಿಸಿದ್ದರು. ನಿಜ ತಿಳಿದದ್ದು ಧಾರೆಯ ನಂತರ. ಅಂದಿನಿಂದ ಹದಿನಾಲ್ಕು ವರ್ಷ, ನಾನು ಮಾಡಿದ ಯಾವ ಕೆಲಸವನ್ನೂ ಅವರು ಮೆಚ್ಚಿದ್ದಿಲ್ಲ. ಬೈದದ್ದೂ ಇಲ್ಲ. ಕನ್ನಡಕದ ಮೇಲಿಂದ ಒಮ್ಮೆ ನೋಡಿ ‘ಹ್ಞೂಂ’ ಎನ್ನುತ್ತಿದ್ದರು. ಅವರು ಆಗ ಒಂದು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದರು. ಅವರು ಕೂತಿರುವಾಗ ರೇಡಿಯೊದಿಂದ ನನ್ನ ಹೆಸರು ಬರಬೇಕು, ನನ್ನ ದನಿ ಬರಬೇಕು, ಅವರು ಬೆಚ್ಚಿ ನನ್ನ ಕಡೆ ತಿರುಗಿ ‘ಭೇಷ್’ ಎನ್ನಬೇಕು. ಆ ವರ್ಷ ನನಗೆ ಇದಕ್ಕಿಂತ ದೊಡ್ಡ ಆಸೆ ಇರಲಿಲ್ಲ.

ಅಂಥ ಭಾಷಣ ನಮ್ಮ ಮನೆಯ ಹಳೆಯ ರೇಡಿಯೊದಿಂದ ಹೊರಡುವುದು ಸಾಧ್ಯವೇ? ಸಿಂಗಪುರಕ್ಕೆ ಹೋಗಿದ್ದ ಸಹೋದ್ಯೋಗಿಯೊಬ್ಬರಿಂದ ಪುಟ್ಟ ಡಿಜಿಟಲ್ ರೇಡಿಯೊ ತರಿಸಿದೆ. ಅದಕ್ಕೆ ತಿರುಗಿಸುವ ಗುಬುಟಿಲ್ಲ, ಓಡಾಡುವ ಮುಳ್ಳಿಲ್ಲ. ಫೋನಿನಲ್ಲಿದ್ದ ಹಾಗೆ ಅಂಕೆಗಳ ಬಟನ್ನು, ಮೇಲೆ ಗಂಟೆ ನಿಮಿಷ ತೋರಿಸುವ ಬೂದು ಬಣ್ಣದ ಪರದೆ. ಹಳೆಯ ರೇಡಿಯೊವನ್ನು ಅಂದೇ ಗುಜರಿ ಕೊಳ್ಳುವ ಭಂಗಾರ್‌ವಾಲಾನಿಗೆ ಎತ್ತಿ ಕೊಟ್ಟೆ. ಎರಡು ಏಟು ಕೊಟ್ಟರೆ ಅದು ಚೆನ್ನಾಗಿಯೇ ಹಾಡುತ್ತದೆ, ಇರಲಿ ಬಿಡಿ ಎಂದು ಪದ್ಮ ಹೇಳಿ ನೋಡಿದಳು. ಏಟು ತಿಂದು ಹಾಡುವ ಕಾಲ ಮುಗಿಯಿತು ಎಂದೆ. ಹೊಸ ರೇಡಿಯೊದ ಜೊತೆ ಬಂದ ಪುಸ್ತಕವನ್ನು ಡಬ್ಬಿಯಲ್ಲೇ ಬಿಟ್ಟು ಅಟ್ಟಕ್ಕೇರಿಸಿದೆ. ಸ್ಟೋರ್ಸ್‌ನಲ್ಲಿ ಹದಿನೆಂಟು ವರ್ಷ ಇದ್ದವನಿಗೆ ಪುಸ್ತಕ ಬೇರೆ ಕೇಡು!

ಶನಿವಾರ ಅದು ಸೊಗಸಾಗಿ ಹಾಡಿತು. ಗಡಿಯಾರ ಹೊಂದಿಸಿದೆ, ನಿಲಯದ ಅಂಕೆ ಒತ್ತಿದೆ, ಕೊನೆಗೆ ಆರಿಸಿದೆ. ಪಕ್ಕದಲ್ಲಿ ಉಗುರಿನಷ್ಟು ಚಿಕ್ಕದೊಂದು ಸ್ವಿಚ್ಚಿತ್ತು. ಯಾವುದನ್ನೂ ಮುಟ್ಟದೆ ಬಿಡುವ ಜಾಯಮಾನ ನನ್ನದಲ್ಲ, ಅದನ್ನೂ ಒಮ್ಮೆ ಸರಿಸಿದೆ. ಪರದೆಯ ಮೂಲೆಯಲ್ಲಿ ಸಣ್ಣ ಬೀಗದ ಕೈಯ ಚಿತ್ರ ಮೂಡಿತು. ಅಂದವಾಗಿದೆ ಎನ್ನಿಸಿ ಹಾಗೇ ಬಿಟ್ಟೆ.

ಭಾನುವಾರ ಆರೂಕಾಲಿಗೆಲ್ಲ ಸಭೆ ಸಿದ್ಧವಾಯಿತು. ಮಾವನವರಿಗೆ ಬೆತ್ತದ ಕುರ್ಚಿ. ಎದುರು ಮನೆಯ ಸಾವಂತರನ್ನು ಚಹಾದ ನೆಪದಲ್ಲಿ ಕರೆದಿದ್ದೆ. ಸಾಕ್ಷಿಗೆ ಒಬ್ಬರಾದರೂ ಇರಲಿ ಎಂದು. ಪದ್ಮ ಉಪ್ಪಿಟ್ಟು ತಂದಿಟ್ಟು, ಇವತ್ತು ಏನು ವಿಶೇಷ ಎಂದು ಕೇಳಿದಳು. ನಾನು ಗೂಢವಾಗಿ ನಕ್ಕು ಬಟನ್ ಒತ್ತಿದೆ.

ರೇಡಿಯೊ ಉಸಿರೆತ್ತಲಿಲ್ಲ.

ಇನ್ನೊಮ್ಮೆ ಒತ್ತಿದೆ. ಎರಡು ಬೆರಳಿನಿಂದ ಒತ್ತಿದೆ. ಎಲ್ಲ ಅಂಕೆಗಳನ್ನೂ ವರಸೆಯಾಗಿ ಒತ್ತಿದೆ. ಪರದೆಯ ಮೇಲೆ ಗಡಿಯಾರ ಮಾತ್ರ ನಡೆಯುತ್ತಿತ್ತು. ಆರು ಹದಿನೆಂಟು, ಆರು ಹತ್ತೊಂಬತ್ತು. ನನಗೆ ಎಷ್ಟು ತಡವಾಗುತ್ತಿದೆ ಎಂಬ ಒಂದು ವಿಷಯದಲ್ಲಿ ಆ ಯಂತ್ರ ಚೂರೂ ತಪ್ಪಲಿಲ್ಲ.

ಮಾವನವರು ಬಗ್ಗಿ ನೋಡಿದರು. “ಇಲ್ಲೇನೋ ಬೀಗದ ಕೈ ಇರೋ ಹಾಗಿದೆಯಲ್ಲ?”

“ಅದು ಕಂಪನಿ ಗುರುತು ಮಾವ,” ಎಂದೆ. ಎಷ್ಟು ನೆಮ್ಮದಿಯಿಂದ ಹೇಳಿದೆನೆಂದರೆ ನನಗೇ ನಂಬಿಕೆ ಬಂತು.

ದೋಷ ಸೆಲ್ಲಿನದೆಂದು ತೀರ್ಮಾನಿಸಿದೆ. ಗೋಡೆ ಗಡಿಯಾರದ ಸೆಲ್ ಕಿತ್ತು, ಮಗಳ ಆಟದ ರೈಲಿನ ಸೆಲ್ ಕಿತ್ತು ಇದಕ್ಕೆ ಹಾಕಿದೆ. ಗೋಡೆ ಗಡಿಯಾರ ನಿಂತಿತು. ರೈಲು ನಿಂತಿತು, ಮಗಳು ಅಳತೊಡಗಿದಳು. ಸೆಲ್ ತೆಗೆದ ತಪ್ಪಿಗೆ ರೇಡಿಯೊ ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನೂ ಮರೆತು ನಾಲ್ಕು ಸೊನ್ನೆ ತೋರಿಸಿತು. ಈಗ ಮನೆಯಲ್ಲಿ ಗಂಟೆ ಎಷ್ಟೆಂದು ಹೇಳುವ ವಸ್ತು ಮಾವನವರ ಕೈಗಡಿಯಾರ ಒಂದೇ. ಆರು ಇಪ್ಪತ್ತಾರು ಎಂದು ಅವರು ಕೇಳದೆಯೇ ತಿಳಿಸಿದರು.

ಹಾಗಾದರೆ ದೋಷ ಏರಿಯಲ್‌ನದು! ತಾಮ್ರದ ತಂತಿಯ ಒಂದು ತುದಿಯನ್ನು ರೇಡಿಯೊಗೆ ಸುತ್ತಿ, ಇನ್ನೊಂದನ್ನು ಕಿಟಕಿಯಾಚೆ ಸಾವಂತರ ಮನೆಯ ಬಟ್ಟೆ ಒಣಗಿಸುವ ಹಗ್ಗಕ್ಕೆ ಬಿಗಿದೆ. ಸ್ವಲ್ಪ ಎಳೆದೆ. ಹಗ್ಗ ನನ್ನ ಕಡೆಗೆ ಬಂತು. ಸಾವಂತರ ಬಿಳಿ ಪ್ಯಾಂಟು ನೆಲದ ಕಡೆಗೆ ಹೋಯಿತು. ಮೂರು ಮಹಡಿ. ಸಾವಂತರು ಸಜ್ಜನರು, ಚಹಾ ಮುಗಿಸಿಯೇ ಎದ್ದರು. “ಭಾವೂ, ಏಕ್ ಬಾರ್ ಠೋಕ್ ಕೇ ದೇಖೋ,” ಎಂದು, ಒಮ್ಮೆ ಗುದ್ದಿ ನೋಡುವ ಸಲಹೆ ಕೊಟ್ಟು ಪ್ಯಾಂಟು ತರಲು ಕೆಳಗಿಳಿದರು. ಮರ್ಯಾದೆ ಬಿಟ್ಟು ಎರಡು ಏಟನ್ನೂ ಕೊಟ್ಟೆ. ಸಿಂಗಪುರದ ವಸ್ತುವಿಗೆ ನಮ್ಮ ಏಟಿನ ಭಾಷೆ ಬರುತ್ತಿರಲಿಲ್ಲ.

“ಹ್ಞೂಂ,” ಎಂದರು ಮಾವನವರು. ಕೋಲು ತೆಗೆದುಕೊಂಡು, ಗೇಟಿನ ತನಕ ಹೋಗಿ ಗಾಳಿ ಕುಡಿದು ಬರುವುದಾಗಿ ಪದ್ಮಳಿಗೆ ಹೇಳಿ ಹೊರಟರು. ತಡೆಯಲು ಬಾಯಿ ತೆರೆದೆ. ಏನೆಂದು ತಡೆಯಲಿ? ಕೂತುಕೊಳ್ಳಿ ಮಾವ, ಈ ಮಾತಾಡದ ಡಬ್ಬಿಯೊಳಗೆ ನಾನಿದ್ದೇನೆ ಎನ್ನಲೇ? ಆರೂವರೆ ಆಯಿತು. ಮುಂಬಯಿಯಲ್ಲಿ ಎಲ್ಲೆಲ್ಲೋ ನನ್ನ ದನಿ ಹರಿದಾಡುತ್ತಿತ್ತು. ನನ್ನ ಮನೆಯಲ್ಲಿ ನಾನು ಸ್ಕ್ರೂಡ್ರೈವರ್ ಹಿಡಿದು ನೆಲದ ಮೇಲೆ ಕೂತಿದ್ದೆ. ಸತ್ಯ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಅಷ್ಟು ಚಿಕ್ಕ ಆಸೆ, ಅದೂ ಕೈಗೂಡಲಿಲ್ಲವಲ್ಲ!

ಮುಕ್ಕಾಲು ಗಂಟೆಯ ಮೇಲೆ ಮಾವನವರು ಹಿಂದಿರುಗಿದರು. ಮುಖದಲ್ಲಿ ನಾನೆಂದೂ ಕಾಣದ ಕಳೆ. ಗೇಟಿನಲ್ಲಿ ವಾಚ್‌ಮನ್ ಮಲ್ಲಪ್ಪ, ಬಿಜಾಪುರದ ಕಡೆಯವನು, ತನ್ನ ಟ್ರಾನ್ಸಿಸ್ಟರಿನಲ್ಲಿ ಕನ್ನಡ ಕಾರ್ಯಕ್ರಮ ಕೇಳುತ್ತಿದ್ದನಂತೆ. ಇವರೂ ಅವನ ಸ್ಟೂಲಿನ ಮೇಲೆ ಕೂತು ಒಂದು ಭಾಷಣ ಕೇಳಿದರಂತೆ.

“ಅಬ್ಬಾ, ಏನು ತಿಳಿವಳಿಕೆ ಆ ಮಹನೀಯರದು! ಎಂಥ ಗಂಭೀರವಾದ ದನಿ! ನೀವು ಕೇಳಬೇಕಾಗಿತ್ತು ಅಳಿಯಂದ್ರೇ. ಕೇಳಿದ್ದಿದ್ರೆ ಇವತ್ತು ಈ ಗತಿ ಬರ್ತಿರಲಿಲ್ಲ.”

ಗಂಭೀರ ದನಿ! ಅದು ಭಯಕ್ಕೆ ನನ್ನ ಗಂಟಲು ಕುಸಿದಿದ್ದ ದನಿ. ಆ ಮಹನೀಯರು ಏನು ಹೇಳಿದರೆಂದು ಮಾವನವರು ಬೆರಳು ಮಡಿಸಿ ವಿವರಿಸಿದರು. ಒಂದು, ಹೊಸ ಉಪಕರಣವನ್ನು ಮುಟ್ಟುವ ಮುಂಚೆ ಜೊತೆಗಿರುವ ಪುಸ್ತಕ ಓದತಕ್ಕದ್ದು. ಎರಡು, ಡಿಜಿಟಲ್ ರೇಡಿಯೊಗಳಲ್ಲಿ ಬಟನ್ನುಗಳಿಗೆ ಬೀಗ ಹಾಕುವ ಸ್ವಿಚ್ ಇರುತ್ತದೆ. ಪರದೆಯಲ್ಲಿ ಬೀಗದ ಕೈ ಕಂಡರೆ ಅದನ್ನು ಹಿಂದಕ್ಕೆ ಸರಿಸತಕ್ಕದ್ದು. ಮೂರನೆಯದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಈ ಎರಡನ್ನೂ ಬರೆದವನು ನಾನು, ಓದಿದವನು ನಾನು, ನೆನಪಿಟ್ಟುಕೊಳ್ಳದವನು ನಾನು!

“ಎಲ್ಲಿ, ಕೊಡಿ ಇಲ್ಲಿ,” ಎಂದು ರೇಡಿಯೊ ಎತ್ತಿಕೊಂಡು ಪಕ್ಕದ ಸ್ವಿಚ್ಚನ್ನು ಉಗುರಿನಿಂದ ಸರಿಸಿದರು. ಬಟನ್ ಒತ್ತಿದರು. ರೇಡಿಯೊ ಮನೆ ತುಂಬ ಗೊರ್ರೆಂದಿತು. ಮಗಳು ಚಪ್ಪಾಳೆ ತಟ್ಟಿದಳು.

ಈಗ ಹೇಳಿಬಿಡಲೇ ಎಂದುಕೊಳ್ಳುವಷ್ಟರಲ್ಲಿ ಅವರೇ ಮುಂದುವರಿಸಿದರು. “ಆ ಮಲ್ಲಪ್ಪ ಒಂದು ತಮಾಷೆ ಮಾಡಿದ. ನಾನು ಹೋಗೋ ಮುಂಚೆ ಹೆಸರು ಹೇಳಿದ್ರಂತೆ, ಶ್ರೀನಿವಾಸಮೂರ್ತಿ ಅಂತ. ‘ನಿಮ್ಮ ಅಳ್ಯಾರಽ ಇರಬೇಕ್ರಿ ಇವ್ರು’ ಅಂದ. ಚೆನ್ನಾಗಿ ಗದರಿದೆ. ನಮ್ಮವರು ಮೇಲೆ ಕೂತು ರೇಡಿಯೊ ಗುದ್ತಾ ಇದ್ದಾರಪ್ಪಾ, ಅವರೆಲ್ಲಿ, ಈ ವಿದ್ವಾಂಸರೆಲ್ಲಿ ಅಂದೆ. ಮೈಸೂರಲ್ಲಿ ನಮ್ಮ ಬೀದಿಯೊಂದರಲ್ಲೇ ನಾಲ್ಕು ಜನ ಶ್ರೀನಿವಾಸಮೂರ್ತಿಗಳಿದ್ದಾರೆ.”

ಪದ್ಮ ನನ್ನ ಮುಖ ನೋಡಿದಳು. ಮದುವೆಯ ಕೋಟು ತೊಟ್ಟು ಅರ್ಧ ದಿನ ರಜಾ ಹಾಕಿ ಹೋದದ್ದು ಅವಳಿಗೆ ತಟ್ಟನೆ ಹೊಳೆದಿರಬೇಕು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಓಡಿದಳು. ಹಿಂದೆಯೇ ಹೋದೆ. ನಕ್ಕು ನಕ್ಕು ಕಣ್ಣೊರೆಸಿಕೊಂಡು, “ರೀ, ಅಪ್ಪನಿಗೆ ಹೇಳಿಬಿಡ್ಲಾ?” ಎಂದಳು.

“ನಿನ್ನ ದಮ್ಮಯ್ಯ ಅಂತೀನಿ, ಬೇಡ ಕಣೇ,” ಎಂದೆ. ಯಾವುದನ್ನು ತಿಳಿಸಲೆಂದು ಮೂರು ವಾರ ಒದ್ದಾಡಿದ್ದೆನೋ ಅದನ್ನೇ ಮುಚ್ಚಿಡಲು ಈಗ ಹೆಂಡತಿಯ ಮುಂದೆ ಕೈಮುಗಿದು ನಿಂತಿದ್ದೆ.

ಅಷ್ಟರಲ್ಲಿ ಹಾಲ್‌ನಿಂದ ಕೂಗು ಬಂತು. ಮಾವನವರಿಗೆ ರೇಡಿಯೊ ನಿಲಯಕ್ಕೆ ಒಂದು ಮೆಚ್ಚುಗೆ ಪತ್ರ ಬರೆಯಬೇಕಾಗಿತ್ತು. ಕೈ ನಡುಗುತ್ತದೆ, ನೀವು ಬರೆದುಕೊಳ್ಳಿ ಎಂದರು. ಶಿರಸ್ತೇದಾರರ ಗತ್ತಿನಲ್ಲಿ ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ‘ಸದರಿ ಭಾಷಣವು ನನ್ನ ಅಳಿಯನಂಥವರಿಗೆ ಅತ್ಯಗತ್ಯವಾಗಿದ್ದು, ಅವರ ಅನುಕೂಲಕ್ಕಾಗಿ ಮತ್ತೊಮ್ಮೆ ಪ್ರಸಾರ ಮಾಡಬೇಕಾಗಿ ಕೋರಿಕೆ. ಭಾಷಣಕಾರರು ನನ್ನ ಅಳಿಯನ ಹೆಸರನ್ನೇ ಹೊಂದಿರುವರೆಂದು ತಿಳಿದುಬಂದಿದೆ. ಹೋಲಿಕೆಯು ಅಲ್ಲಿಗೇ ಮುಕ್ತಾಯವಾಗುತ್ತದೆ.’ ಇದಿಷ್ಟನ್ನೂ ನನ್ನ ಕೈಯಾರೆ, ಗುಂಡು ಗುಂಡಾಗಿ ಬರೆದೆ. ಕೊನೆಯ ವಾಕ್ಯವನ್ನು ನನ್ನಿಂದ ಒಮ್ಮೆ ಓದಿಸಿ, ತಲೆದೂಗಿ, ರುಜು ಹಾಕಿದರು.

ಸೋಮವಾರ ಬೆಳಗ್ಗೆ ಲೋಕಲ್ ಹಿಡಿಯುವ ಮುಂಚೆ ಸ್ಟೇಷನ್ನಿನ ಹತ್ತಿರದ ಪೋಸ್ಟ್ ಡಬ್ಬಿಗೆ ನಾನೇ ಅದನ್ನು ಹಾಕಿದೆ. ಲಕೋಟೆಗೆ ಸ್ಟ್ಯಾಂಪು ಸರಿಯಾಗಿ ಅಂಟಿಸಿದ್ದಿರಾ ಎಂದು ಸಂಜೆ ಮಾವನವರು ಎರಡು ಸಲ ಕೇಳಿದರು.