ಕರೆಂಟಿನ ಕುರ್ಚಿ

ಪುಕ್ಕಟೆ ಬಂದ ವಸ್ತುವನ್ನು ನಾನು ನಂಬುವವನಲ್ಲ. ಅದರಲ್ಲೂ ಹೆಂಡತಿಯ ತಮ್ಮ ಕೊಟ್ಟದ್ದಾದರೆ ತಟ್ಟಿ, ಮೂಸಿ, ಬೋರಲು ಹಾಕಿ ನೋಡಿದ ಮೇಲೂ ಒಂದಿಷ್ಟು ಸಂಶಯ ಉಳಿಸಿಕೊಂಡಿರುತ್ತೇನೆ. ತೊಂಬತ್ತರ ದಶಕದಲ್ಲಿ ಆತ ಮುಂಬಯಿಯಿಂದ ಸೊಲ್ಲಾಪುರದ ನಮ್ಮ ಮನೆಗೆ ಒಂದು ಕುರ್ಚಿ ಕಳಿಸಿದ. ಅವನ ಕಂಪನಿಯ ವಿದೇಶಿ ಸಾಹೇಬ ಊರಿಗೆ ಮರಳುವಾಗ ಬಿಟ್ಟುಹೋದದ್ದಂತೆ. ವಾಯರಿಗೆ ತೂಗುವ ಡಬ್ಬಿಯ ಒಂದು ಗುಂಡಿ ಒತ್ತಿದರೆ ಅದರ ಬೆನ್ನು ಹಿಂದಕ್ಕೆ ಬಾಗಿ ಕುಳಿತವರ ಕಾಲುಗಳು ಮೇಲೇಳುತ್ತಿದ್ದವು. ಇನ್ನೊಂದನ್ನು ಒತ್ತಿದರೆ ಸೀಟೇ ಎದ್ದು ಕುಳಿತವರನ್ನು ನಿಲ್ಲಿಸುತ್ತಿತ್ತು.

"ಅತ್ತಿ ಸಲುವಾಗಿ ಕಳಿಸ್ಯಾನ," ಎಂದಳು ಹೆಂಡತಿ ಶಾಂತಾ.

"ಅವನ ಖೋಲ್ಯಾಗ ಜಾಗಾ ಇಲ್ಲ. ನಮ್ಮನಿ ಅವನ ಗೋದಾಮ ಆತು."

"ನಿಮಗ ದೇವರು ಪ್ರಸಾದ ಕೊಟ್ರೂ ಸಂಶಯನ!"

ನಮ್ಮವ್ವನಿಗೆ ಮೊಣಕಾಲು ನೋವು. ಕುಳಿತರೆ ಏಳಲು ಯಾರಾದರೂ ಕೈಹಿಡಿಯಬೇಕು, ಸೊಸೆಯ ಕೈ ಕೇಳಲು ಅವಳಿಗೆ ನಾಚಿಕೆ. ಹಾಗಾಗಿ ಅಡುಗೆಮನೆ ಕಟ್ಟೆಗೆ ಒರಗಿ ನಿಂತೇ ಚಹಾ, ನಿಂತೇ ರೊಟ್ಟಿ. "ನನ್ನ ಕರಜಗಿಗೆ ತಮ್ಮನ ಮನಿಗೆ ಬಿಟ್ಟು ಬಾರಪಾ," ಎಂದು ಗಂಟನ್ನೂ ಕಟ್ಟಿಟ್ಟಿದ್ದಳು. ಆದರೂ ಹೆತ್ತ ತಾಯಿಯನ್ನು ಕರೆಂಟಿನ ಮೇಲೆ ಕೂಡಿಸುವುದು ಹೇಗೆ? ಟೆಸ್ಟರ್ ಹಚ್ಚಿ ನೋಡಿ, ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ಮೊದಲು ನಾನೇ ಕುಳಿತೆ. ಗುಂಡಿ ಒತ್ತಿದೆ. ತಲೆ ಕೆಳಗೆ, ಕಾಲು ಮೇಲೆ ಆಗುವ ಹೊತ್ತಿಗೆ ಸರಿಯಾಗಿ ಲೈಟು ಹೋಯಿತು.

ಎದ್ದೇಳಲು ನೋಡಿದರೆ ಹೊಟ್ಟೆ ಅಡ್ಡ ಬಂತು. ಮಗ್ಗುಲಾಗಲು ಹೋದರೆ ಕುರ್ಚಿಯ ತೋಳು ಅಡ್ಡ ಬಂತು. ಅವ್ವ ಗೋಡೆ ಹಿಡಿದು ಬಂದು ನನ್ನ ಅವತಾರ ನೋಡಿದವಳೇ ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

"ಕೈ ಕೊಡ್ಲೇನೋ?"

"ಕೊಡಬೇ," ಎನ್ನುವಷ್ಟರಲ್ಲಿ ನನ್ನ ಮುಖ ಬೆವತುಹೋಯಿತು. ಇಷ್ಟು ಸಣ್ಣ ಮಾತು ದಿನಕ್ಕೆ ಹತ್ತು ಸಲ ಆಡುವುದು ಅವಳಿಗೆ ಎಷ್ಟು ಕಷ್ಟವೆಂದು ಆಗ ಹೊಳೆಯಿತು. ಅತ್ತೆ ಸೊಸೆ ಸೇರಿ ನನ್ನನ್ನು ಜೋಳದ ಚೀಲದಂತೆ ಎಳೆದು ಇಳಿಸಿದರು.

ಲೈಟು ಬಂದದ್ದೇ ಅವ್ವ, "ಸರಿ ಅತ್ತಾಗ," ಎಂದು ತಾನೇ ಕುಳಿತಳು. ಗುಂಡಿ ಒತ್ತಿದಳು. ಕುರ್ಚಿ ಗುಂಯ್ ಎನ್ನುತ್ತ ಮೆಲ್ಲಗೆ ಅವಳನ್ನು ಎತ್ತಿ ನಿಲ್ಲಿಸಿತು.

"ಯಾರ ಕೈನೂ ಬ್ಯಾಡವಾ ಶಾಂತಾ!" ಎಂದು ಮತ್ತೆ ಕುಳಿತಳು, ಮತ್ತೆ ಎದ್ದಳು. ಆ ಸಂಜೆಯೇ ಗಂಟು ಬಿಚ್ಚಿದಳು.

ನನಗೀಗ ಹೊಸ ಸಂಶಯ: ಇಷ್ಟು ಒಳ್ಳೆಯ ಕುರ್ಚಿಯನ್ನು ಶಾಂತಾಳ ತಮ್ಮ, ಆ ಹುಡುಗ, ವಾಪಸು ಕೇಳಿದರೆ? ಮುಂಜಾಗ್ರತೆಗೆಂದು ಯಾರಿಗೂ ಹೇಳದೆ ಅವನಿಗೆ ಫೋನ್ ಮಾಡಿ, "ಕುರ್ಚಿ ಕೆಟ್ಟೈತಿ, ಶಾಕ್ ಹೊಡಿತೈತಿ, ನಿನಗೂ ಉಪಯೋಗಿಲ್ಲ," ಎಂದುಬಿಟ್ಟೆ.

ಹುಡುಗ ಗಾಬರಿಯಾದ. "ತಪ್ಪಾತ್ರಿ ದಾಜಿ! ಯಾರೂ ಕುಂದರಬ್ಯಾಡ್ರಿ. ರವಿವಾರ ನಾನ ಬಂದು ಒಯ್ತೀನಿ."

ಬಂದೇಬಿಟ್ಟ, ಟೆಂಪೋ ಸಮೇತ. ಅವ್ವ ಗುಂಡಿಯ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕುರ್ಚಿಯಲ್ಲಿ ಗಟ್ಟಿಯಾಗಿ ಕುಳಿತಿದ್ದಳು. ಹುಡುಗ ಸುತ್ತ ತಿರುಗಿ, ವಾಯರು ಮುಟ್ಟಿ ನೋಡಿ, "ಎಲ್ಲಾ ಬರೋಬ್ಬರಿ ಐತಲ್ರಿ ದಾಜಿ, ಶಾಕ್ ಹೊಡಿತೈತಿ ಅಂತ ಫೋನ್ ಮಾಡಿದ್ರಿ, ಕೆಟ್ಟದ್ದು ಎಲ್ಲೈತಿ?" ಎಂದ.

ಅವ್ವ ನನ್ನ ಕಡೆ ಬೆರಳು ಮಾಡಿದಳು. "ಕುರ್ಚಿ ಛಲೋ ಐತಪಾ. ಕೆಟ್ಟದ್ದು ಬಾಜೂಕ ನಿಂತೈತಿ ನೋಡು."