ಶನಿಗೆ ಹಿಡಿದ ಮಾವ

ನಮ್ಮ ಸೋದರಮಾವನಿಗೆ ಶನಿ ಹಿಡಿದಿತ್ತು ಎಂದು ಕೊಳ್ಳೇಗಾಲದ ಅವನ ಬೀದಿಯವರು ಇವತ್ತಿಗೂ ಹೇಳುತ್ತಾರೆ. ಶುದ್ಧ ಸುಳ್ಳು! ಶನಿಗೇ ನಮ್ಮ ಮಾವ ಹಿಡಿದಿದ್ದ. ಶನಿಯಾದರೂ ಏಳೂವರೆ ವರ್ಷಕ್ಕೆ ಬಿಟ್ಟು ಹೋಗುತ್ತಾನಂತೆ. ಮಾವನಿಗೆ ಅಂಥ ಕರುಣೆಯೇನೂ ಇರಲಿಲ್ಲ.

ಮಾವ ಪಾಲಾರ್ ರೂಟಿನ ಬಸ್ಸಿನಲ್ಲಿ ಕಂಡಕ್ಟರ್. ಒಂದು ದಿನ ಜೋಯಿಸರು ಅವನ ಜಾತಕ ನೋಡಿ, ಧನು ರಾಶಿಗೆ ಏಳೂವರೆ ಶನಿ ಶುರುವಾಯಿತು, ಹೆಗಲೇರಿ ಕೂರುತ್ತಾನೆ, ಹುಷಾರು ಎಂದರು. ಬೇರೆ ಯಾರಾದರೂ ಆಗಿದ್ದರೆ ಶನಿವಾರಕ್ಕೊಂದು ಎಳ್ಳೆಣ್ಣೆ ದೀಪ ಹಚ್ಚಿ ತೆಪ್ಪಗಿರುತ್ತಿದ್ದರು. ಮಾವ ಏನು ಮಾಡಿದ ಗೊತ್ತೆ? ಮೈಸೂರಿಗೆ ಹೋಗಿ ಒಂದು ದುರ್ಬೀನು ಹೊತ್ತು ತಂದ!

"ಅಷ್ಟು ವರ್ಸ ಎಗಲ ಮ್ಯಾಲೆ ಕೂರೋನ ಮೊಖನಾದ್ರೂ ನೋಡ್ಬ್ಯಾಡ್ವ? ಟಿಕೆಟ್ ಇಲ್ದೆ ನಾನು ಯಾರ್ನೂ ಅತ್ತಿಸ್ಕಂಡಿಲ್ಲ" ಎಂದ.

ಅತ್ತೆ ಅಂಗಳದಲ್ಲಿ ನಿಂತು ತಲೆ ಚಚ್ಚಿಕೊಂಡಳು. "ಕಾಗೆ ಮುಟ್ಟುದ್ರೇ ತಲೆ ಮ್ಯಾಲೆ ನೀರ್ ಉಯ್ಕತೀವಿ. ನೀವು ನೋಡುದ್ರೆ ಸನೈಸ್ಚರನ್ನೇ ಮನೆಗೆ ಕರ್ಕಂಡು ಬಂದಿದ್ದೀರಲ್ರೀ!"

ಅವಳ ಸಿಟ್ಟಿಗೆ ಕಾರಣವಿತ್ತು. ಅವರಿಬ್ಬರಿಗೆ ಮಕ್ಕಳಿರಲಿಲ್ಲ. ಅವಳ ಜಾತಕದಲ್ಲಿ ಶನಿಯ ದೃಷ್ಟಿ ಬೀಳಬಾರದ ಕಡೆ ಬಿದ್ದಿದೆ ಎಂದು ಮದುವೆಯಾದ ಹೊಸತರಲ್ಲೇ ಯಾರೋ ಹೇಳಿದ್ದರು. ಅವಳು ಅದನ್ನು ಸೆರಗಿಗೆ ಗಂಟು ಹಾಕಿಕೊಂಡಂತೆ ಇಟ್ಟುಕೊಂಡಿದ್ದಳು. ಮಾವ ಸಂಜೆ ಡ್ಯೂಟಿ ಮುಗಿಸಿ ಬಂದು ತಾರಸಿಯ ಮೇಲೆ ದುರ್ಬೀನು ನಿಲ್ಲಿಸಿ, "ಒಂದೇ ಒಂದ್ಸಾರಿ ಬಂದು ನೋಡಮ್ಮಿ, ಎಷ್ಟು ಚೆಂದಾಗಿ ಬಳೆ ಆಕ್ಕಂಡು ಕುಂತವ್ನೆ" ಎಂದು ಕರೆದಾಗಲೆಲ್ಲ ಅವಳದು ಒಂದೇ ಉತ್ತರ: "ಅವ್ನು ನನ್ನ ನೋಡಿದ್ದು ಸಾಕು. ನಾನು ಅವ್ನ ನೋಡ್ಬೇಕಾಗಿಲ್ಲ."

ಈ ಮಾತು ಕೇಳಿದಾಗ ಮಾವನ ಮುಖ ಚಿಕ್ಕದಾಗುತ್ತಿತ್ತು. ಆಮೇಲೆ ಬೀದಿಯಲ್ಲಿ ಸಿಕ್ಕವರನ್ನು ಎಳೆದು ತಂದು ತೋರಿಸುತ್ತಿದ್ದ. ದುರ್ಬೀನಿನಲ್ಲಿ ಶನಿ ಒಂದು ಕಡೆ ನಿಲ್ಲುವ ಆಸಾಮಿಯಲ್ಲ. ಭೂಮಿ ತಿರುಗುತ್ತದಲ್ಲ, ನೋಡನೋಡುತ್ತಲೇ ಅಂಚಿಗೆ ಜಾರಿ ಮರೆಯಾಗುತ್ತಾನೆ. ಜಾರಿದ ಕೂಡಲೆ ಮಾವ "ರೈಟ್, ರೈಟ್!" ಎಂದು ಕೂಗಿ, ಕೊಳವೆಯನ್ನು ಒಂಚೂರು ತಳ್ಳಿ ಮುಂದಿನವರನ್ನು ಕರೆಯುತ್ತಿದ್ದ. ಅತ್ತೆ ಮಾತ್ರ ಪ್ರತಿ ಶನಿವಾರ ಆ ದುರ್ಬೀನನ್ನು ಗೋಡೆಯ ಕಡೆ ತಿರುಗಿಸಿ, ಅದರ ಮುಂದೆ ಎಳ್ಳೆಣ್ಣೆ ದೀಪ ಹಚ್ಚಿ, ಅಡ್ಡಬಿದ್ದು ಬರುತ್ತಿದ್ದಳು. ಗಾಜಿಗೆ ಮಸಿ ಹಿಡಿದು ಭಾನುವಾರದ ಶನಿ ಯಾವಾಗಲೂ ಕಪ್ಪಗೆ ಕಾಣುತ್ತಿದ್ದ!

ಮನೆಯಲ್ಲಾದರೆ ಸರಿ, ಬಸ್ಸಿನಲ್ಲಿ? ಶನಿಯ ಚಂದ್ರರ ಹೆಸರೆಲ್ಲ ಮಾವನಿಗೆ ಬಾಯಿಪಾಠವಾಗಿತ್ತು. ಅವನ ಪ್ರಕಾರ ಅದೂ ಒಂದು ರೂಟು. ಮಧುವನಹಳ್ಳಿ, ಕಾಮಗೆರೆ, ಹನೂರು, ಕೌದಳ್ಳಿ ಎಂದು ಕೂಗುವ ಬಾಯಿಂದಲೇ ಮಿಮಾಸ್, ಎನ್ಸೆಲಡಸ್, ಟೆಥಿಸ್, ಡಯೋನಿ ಎಂದು ಕೂಗಿ, "ಟೈಟನ್ ಇಳಿಯೋರು ಮುಂದೆ ಬನ್ನಿ!" ಎನ್ನುತ್ತಿದ್ದ. ಒಮ್ಮೆ ಒಬ್ಬ ಅಜ್ಜಿ "ಅದ್ಯಾವೂರು ಕಂಡಕ್ಟ್ರೇ?" ಎಂದು ಕೇಳಿ ಸಿಕ್ಕಿಹಾಕಿಕೊಂಡಳು. "ಸನಿಮಾತ್ಮನ ಪಕ್ಕದೂರು ಕಣಜ್ಜಿ" ಎಂದನಂತೆ. ಪಾಪ, ಹನೂರಿಗೆ ಟಿಕೆಟ್ ತೆಗೆದಿದ್ದವಳು ಕೈಮುಗಿದು ಕಾಮಗೆರೆಯಲ್ಲೇ ಇಳಿದುಬಿಟ್ಟಳು.

ಅಜ್ಜಿ ಇಳಿದಳು, ಬಚಾವಾದಳು. ನಾನೆಲ್ಲಿ ಇಳಿಯಲಿ? ಯಳಂದೂರಿನಿಂದ ನನ್ನನ್ನು ನೋಡಲು ಗಂಡಿನವರು ಬಂದಿದ್ದರು. ಉಪ್ಪಿಟ್ಟು ಕೇಸರಿಬಾತು ಆಗಿ ಮಾತು ಹೆಚ್ಚುಕಡಿಮೆ ಕುದುರಿತ್ತು. ಅಷ್ಟರಲ್ಲಿ ಗಂಡಿನ ತಂದೆ, "ಉಡ್ಗಿ ಜಾತಕ್ದಲ್ಲಿ ಏಳ್ನೇ ಮನೇಲಿ ಸನಿ ಅವ್ನಲ್ಲ..." ಎಂದು ರಾಗ ತೆಗೆದರು. ಅಲ್ಲಿಯವರೆಗೆ ತೆಪ್ಪಗಿದ್ದ ಮಾವ ಎದ್ದು ನಿಂತ. "ಏಳ್ನೇ ಮನೇಲಾ? ನಿನ್ನೆ ಸಂಜೆ ತಾನೇ ನೋಡಿವ್ನಿ, ಅವ್ನ ಮನೇಲೇ ಅವ್ನೆ! ಅರವತ್ತು ಚಿಲ್ಲರೆ ಚಂದ್ರರನ್ನ ಸುತ್ತ ಕಟ್ಕಂಡು ಒದ್ದಾಡ್ತಾವ್ನೆ. ನಮ್ಮುಡ್ಗಿ ಮನೆಗೆ ಬರಕ್ಕೆ ಅವ್ನಿಗೆಲ್ಲಿದ್ದದು ಪುರುಸೊತ್ತು?" ಗಂಡಿನವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಯಳಂದೂರಿನ ಬಸ್ಸು ಹಿಡಿದರು. ಆ ಸಂಬಂಧ ಅಲ್ಲಿಗೆ ಮುಗಿಯಿತು. ನಾನು ಆಮೇಲೆ ಬೇರೆ ಊರಿನವರನ್ನು ಕಟ್ಟಿಕೊಂಡೆ ಎನ್ನಿ.

ಇಷ್ಟಾದರೂ ಸಹಿಸಬಹುದಿತ್ತು. ಮಾವ ಒಂದು ಯಂತ್ರಕ್ಕೆ ಹಾಲು-ತುಪ್ಪ ಬಿಟ್ಟನಲ್ಲ, ಅದಕ್ಕೇನು ಹೇಳೋಣ?

ಶನಿಯನ್ನು ಹದಿಮೂರು ವರ್ಷ ಸುತ್ತಿದ ನೌಕೆಯೊಂದಿತ್ತು. ಅದರ ಸುದ್ದಿಯನ್ನು ಮಾವ ಮೊಬೈಲಿನಲ್ಲಿ ಹುಡುಕಿ ಹುಡುಕಿ ಓದುತ್ತಿದ್ದ. ಕಡೆಗೊಂದು ದಿನ ಅದನ್ನು ಕಳಿಸಿದವರೇ ಶನಿಯ ಒಡಲಿಗೆ ಬೀಳಿಸಿ ಸುಟ್ಟುಬಿಟ್ಟರು. ಆ ಸಂಜೆ ಮಾವ ಊಟ ಮುಟ್ಟಲಿಲ್ಲ. ಮೂರನೆಯ ದಿನ, ಮನೆಯಲ್ಲಿ ಯಾರೋ ಸತ್ತಂತೆ, ಹಾಲು-ತುಪ್ಪ ಬಿಟ್ಟು ಎಡೆ ಇಡಬೇಕೆಂದು ಹಟ ಹಿಡಿದ. ಎಡೆಗೆ ಸತ್ತವರ ಇಷ್ಟದ ತಿಂಡಿ ಇಡಬೇಕಲ್ಲ!

"ಅದ್ಕೇನು ಇಷ್ಟವಾಗಿತ್ತೋ?" ಎಂದು ಅತ್ತೆ ಚುಚ್ಚಿದಳು.

"ಪ್ಲುಟೋನಿಯಂ. ಅದ್ರ ಕಾವ್ನಲ್ಲೇ ಬದುಕಿತ್ತು."

"ಅದು ನಮ್ಮೂರ ಸಂತೇಲಿ ಸಿಕ್ಕಾಕಿಲ್ಲ. ಕಜ್ಜಾಯ ಮಾಡ್ತೀನಿ, ತಿಂದ್ರೆ ತಿನ್ಲಿ."

ನಾನೂ ಅಂದು ಅಲ್ಲಿದ್ದೆ. ಬಾಳೆ ಎಲೆಯಲ್ಲಿ ಎಡೆ ಹೊತ್ತು ತಾರಸಿ ಹತ್ತುವಾಗ ಅತ್ತೆಗೆ ತಡೆಯಲಾಗಲಿಲ್ಲ. "ಎಣ ಇಲ್ಲ, ಗುಣಿ ಇಲ್ಲ, ಆಲು-ತುಪ್ಪ ಯಾತರ ಮ್ಯಾಲೆ ಬುಟ್ಟೀರಿ?"

"ದಿಕ್ಕು ಗೊತ್ತಲ್ಲಮ್ಮಿ. ದಿಕ್ಕು ಗೊತ್ತಿದ್ರೆ ಸಾಕು" ಎಂದ ಮಾವ, ಶನಿಯಿದ್ದ ಕಡೆಗೆ ತಿರುಗಿ ಹಾಲು ಬಿಟ್ಟ. ಬಿಟ್ಟು ಹೇಳಿದ: "ಡೀಜಲ್ ಮುಗೀತಾ ಬಂದಿತ್ತು. ಅಂಗೇ ಬುಟ್ಟಿದ್ರೆ ಎಲ್ಲಾರ ಓಗಿ ಎನ್ಸೆಲಡಸ್ ಮ್ಯಾಲೆ ಬೀಳ್ತಿತ್ತು. ಆ ಪುಟ್ಟ ಚಂದ್ರನ ಒಟ್ಟೆ ಒಳಗೆ ನೀರದೆ, ಜೀವ ಇದ್ರೂ ಇರಬೌದು. ತನ್ನ ಮೈಯ ಕೊಳೆ ಅದಕ್ಕೆ ತಾಕಬಾರ್ದು ಅಂತ, ದೂರ ಓಗಿ ಒಂಟಿಯಾಗೇ ಉರ್ದೋಯ್ತು."

ಆ ಗಳಿಗೆಗೆ ಸರಿಯಾಗಿ ಕಾಗೆ ಹಾರಿ ಬಂದು ಕಜ್ಜಾಯ ಕಚ್ಚಿಕೊಂಡು ಹೋಯಿತು. ಕಾಗೆ ಯಾರ ವಾಹನ? ಶನಿಯದೇ ಅಲ್ಲವೆ? "ನೋಡಿದ್ರಾ, ಮುಟ್ಟಿದ ಸುದ್ದಿ ಬಂತು!" ಎಂದು ಮಾವ ಕುಣಿದ. ಅಂದು ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕೊರೊನಾ ಬಂದ ಮೊದಲ ವರ್ಷದ ಮಳೆಗಾಲದಲ್ಲಿ ಮಾವ ಮತ್ತೆ ಡ್ಯೂಟಿಗೆ ಹೋದ. ಒಂದು ಸಂಜೆ ಜ್ವರ ಹೊತ್ತು ಬಂದವನು ಮನೆಯೊಳಗೆ ಕಾಲಿಡಲಿಲ್ಲ. ಅತ್ತೆಗೆ ಮೊದಲಿಂದಲೂ ಉಬ್ಬಸ. ಹಿತ್ತಿಲಿನಲ್ಲಿ ತಾತನ ಕಾಲದ ಮಗ್ಗದ ಕೋಣೆಯೊಂದು ಖಾಲಿ ಬಿದ್ದಿತ್ತು. ಅದರೊಳಗೆ ಹೋಗಿ ಚಿಲಕ ಹಾಕಿಕೊಂಡ. ಅತ್ತೆ ಗಂಜಿ ತಂದು ಬಾಗಿಲು ಬಡಿದರೆ ತೆಗೆಯಲಿಲ್ಲ.

"ಅಲ್ಲೇ ಮಡಗಿ ದೂರ ಓಗಮ್ಮಿ. ನಿನ್ನ ಮ್ಯಾಲೆ ಬೀಳಬಾರ್ದು ನಾನು" ಎಂದನಂತೆ ಒಳಗಿಂದ. ಅವಳು ಅತ್ತಳಂತೆ. ಅವನು ಕೆಮ್ಮಿನ ನಡುವೆಯೇ ಚಂದ್ರರ ಹೆಸರು ಕೂಗಿ ನಗಿಸಲು ನೋಡಿದನಂತೆ. ಡಯೋನಿಯವರೆಗೂ ಉಸಿರು ಸಾಲಲಿಲ್ಲ. ಆಂಬುಲೆನ್ಸ್ ಬಂದು ಕರೆದುಕೊಂಡು ಹೋಯಿತು. ಮಾವ ತಿರುಗಿ ಬರಲಿಲ್ಲ. ಆ ದಿನಗಳಲ್ಲಿ ಎಲ್ಲರಿಗೂ ಆದಂತೆ ನಮಗೂ ಮುಖ ನೋಡಲು ಸಿಗಲಿಲ್ಲ. ಎಲ್ಲಿ ಮಣ್ಣು ಮಾಡಿದರೆಂದೂ ತಿಳಿಯಲಿಲ್ಲ.

ಬಾಗಿಲಿಗೆ ಅಂಟಿಸಿದ್ದ ಕ್ವಾರಂಟೈನ್ ಚೀಟಿ ತೆಗೆದ ಮೇಲೆ ನಾನೂ ಅಮ್ಮನೂ ಹೋದೆವು. ಅತ್ತೆ ಆಗಲೇ ಎಡೆ ಸಿದ್ಧ ಮಾಡಿದ್ದಳು. ಗುಣಿ ಇಲ್ಲದ ಮೇಲೆ ಹಾಲು-ತುಪ್ಪ ಎಲ್ಲಿ ಬಿಡುವುದು ಎಂದು ಅಮ್ಮ ಅಳತೊಡಗಿದಾಗ, ಅತ್ತೆ ಚೊಂಬು ಹಿಡಿದು ತಾರಸಿ ಹತ್ತಿದಳು.

ಹಾಲು ಬಿಟ್ಟೆವು, ಎಡೆ ಇಟ್ಟೆವು. ಕಾಗೆಗಳು ಪಕ್ಕದ ಮನೆಯ ಕಂಬಿಯ ಮೇಲೆ ಸಾಲಾಗಿ ಕೂತಿದ್ದವು. ಒಂದೂ ಬರಲಿಲ್ಲ. ಸತ್ತವರ ಆಸೆ ಏನೋ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ. ಅದನ್ನು ನಡೆಸಿಕೊಡುತ್ತೇವೆಂದು ಬಾಯಿಬಿಟ್ಟು ಹೇಳಬೇಕು. ಅಮ್ಮ, "ಅಣ್ಣಾ, ಅತ್ಗೆನ ನಾವ್ ನೋಡ್ಕತೀವಿ ಬಾಪ್ಪ" ಎಂದಳು. ಬರಲಿಲ್ಲ. ನಾನು ನನಗೆ ತಿಳಿದದ್ದೆಲ್ಲ ಹೇಳಿದೆ. ಬರಲಿಲ್ಲ. ಎಲೆಯ ಮೇಲಿನ ಅನ್ನ ಒಣಗುತ್ತಿತ್ತು.

ಅತ್ತೆ ಮೂಗು ಒರೆಸಿಕೊಂಡು ಮುಂದೆ ಬಂದಳು. "ಆಯ್ತು ಕಣ್ರೀ" ಎಂದಳು. "ನೋಡ್ತೀನಿ. ನಿಮ್ ಸನೈಸ್ಚರನ್ನ ನೋಡ್ತೀನಿ. ಬನ್ನಿ, ಉಣ್ಣಿ."

ಕಾಗೆ ಬಂತು.

ಅಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ದುರ್ಬೀನು ಹೂಡಿ, ಮಸಿ ಒರೆಸಿ, ಶನಿಯನ್ನು ಹುಡುಕಿಕೊಟ್ಟೆ. ಅತ್ತೆ ಬಗ್ಗಿ ಕಣ್ಣಿಟ್ಟಳು.

"ಇಷ್ಟ್ ಚಿಕ್ಕೋನ್ಗಾ ನಾನು ಇಷ್ಟು ವರ್ಸ ಎದ್ರಿದ್ದು?" ಎಂದಳು. "ಬಳೆ ಚೆಂದಾಗದೆ... ಅಯ್ಯೋ, ಓಯ್ತಾವ್ನಲ್ಲವ್ವ!"

ಶನಿ ಅಂಚಿಗೆ ಜಾರುತ್ತಿದ್ದ. ಕೊಳವೆ ತಳ್ಳಲು ನಾನು ಕೈಚಾಚಿದೆ. ಅತ್ತೆ ಕಣ್ಣು ತೆಗೆಯದೆಯೇ ನನ್ನ ಕೈ ಹಿಡಿದುಕೊಂಡಳು.

"ಬ್ಯಾಡ ಬುಡು. ಓಗ್ಲಿ" ಎಂದಳು. ಅವನು ಪೂರ್ತಿ ಮರೆಯಾಗುವವರೆಗೂ ಹಾಗೇ ಬಗ್ಗಿ ನಿಂತಿದ್ದು, ಮೆಲ್ಲಗೆ, ತನ್ನಷ್ಟಕ್ಕೆ ತಾನೇ ಹೇಳಿಕೊಂಡಳು:

"ರೈಟ್."