ಎತ್ತಿನ ಹೆಗಲಿಗೆ ಹಚ್ಚಿದ ಬೇವಿನೆಣ್ಣೆ

ಗಂಡಸಿಗೂ ಒಂದು ಮುಖ ಇರುತ್ತದೆ ಎಂಬ ಸಂಗತಿ ನನಗೆ ಇಪ್ಪತ್ತೆರಡು ತುಂಬುವವರೆಗೆ ಗೊತ್ತಿರಲಿಲ್ಲ. ಕೈ ಇದೆ, ದುಡಿಯುತ್ತದೆ. ಹೊಟ್ಟೆ ಇದೆ, ಕೇಳುತ್ತದೆ. ಮುಖ ಮಾತ್ರ ಕ್ಷೌರದವನ ಜವಾಬ್ದಾರಿ ಎಂದುಕೊಂಡಿದ್ದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು, ರಾಯದುರ್ಗದಲ್ಲಿ ನಮ್ಮಪ್ಪನ ಎಣ್ಣೆಗಾಣಕ್ಕೆ ನಿಂತವನು ನಾನು. ಓದಲಿಲ್ಲವೆಂಬ ಕೊರಗು ಎಂದೂ ಇಲ್ಲ. ಎರಡು ಬೆರಳಲ್ಲಿ ತಿಕ್ಕಿ ನೋಡಿ, ಎಳ್ಳೆಣ್ಣೆಗೆ ಕಡಲೆಕಾಯಿ ಎಣ್ಣೆ ಬೆರೆಸಿದ್ದಾರೋ ಇಲ್ಲವೋ ಹೇಳಿಬಿಡುತ್ತೇನೆ. ಮದ್ರಾಸಿಗೆ ಹೋಗಿ ಬಿ.ಎ. ಮಾಡಿ ಬಂದವರು ಹೇಳಲಿ ನೋಡೋಣ.

ಮುಖದ ವಿಷಯ ತಿಳಿಸಿದ್ದು ಬೆಳುಗುಪ್ಪದ ಒಂದು ಹುಡುಗಿ. ನಾವು ಹೋಗಿ ನೋಡಿ ಬಂದ ಮೇಲೆ ಅವರ ಕಡೆಯಿಂದ ಮಾತು ಬಂತು: "ಹುಡುಗ ಗಟ್ಟಿಗ ಅದಾನ್ರಿ, ಆದ್ರ ಮೂಗಿನ ಮ್ಯಾಲೆ ಸಾಸಿವಿ ಚೆಲ್ಲಿದಂಗ ಐತಂತ." ಹಿತ್ತಾಳೆ ತಂಬಿಗೆ ಎತ್ತಿ ನೋಡಿಕೊಂಡೆ. ಹೌದು, ಮೂಗಿನ ತುಂಬ ಕರಿ ಚುಕ್ಕೆ. ಕೆನ್ನೆಯ ಮೇಲೆ ಅಲ್ಲೊಂದು ಇಲ್ಲೊಂದು ಮೊಡವೆ. ಹೆಣ್ಣು ತಪ್ಪಿದ್ದಕ್ಕಿಂತ ಹೆಚ್ಚು ಉರಿದದ್ದು ಬೇರೆ. ಊರಿಗೆಲ್ಲ ಎಣ್ಣೆ ಕೊಡುವ ಮನೆ ನಮ್ಮದು, ನಮ್ಮ ಮೂಗಿಗೆ ಗತಿಯಿಲ್ಲವೇ?

ಮುಂದಿನ ಹೆಣ್ಣು ಮಡಕಶಿರಾ ಕಡೆಯದು. ಇದೂ ತಪ್ಪಿದರೆ ಕುಲದಲ್ಲಿ ಇನ್ನು ಹೆಣ್ಣು ಕೇಳಲು ಮನೆಯೇ ಉಳಿದಿಲ್ಲ ಎಂದು ಅವ್ವ ಮೊದಲೇ ಹೇಳಿದ್ದಳು. ಔಷಧವನ್ನೂ ಅವಳೇ ಹೇಳಿದಳು: "ಒಂದು ಚಮಚ ಎಳ್ಳೆಣ್ಣಿಗೆ ಎರಡೇ ಹನಿ ಬೇವಿನೆಣ್ಣಿ ಬೆರಸ್ಕ. ಮೆತ್ತಗ ತಿಕ್ಕಿ, ಬಿಸಿನೀರಾಗ ಅದ್ದಿದ ಅರಿವೀಲೆ ಒರೆಸ್ಕ. ಹದಿನೈದು ದಿನ ಮಾಡು." ಹನಿ ಎಂಬುದು ಕೊಳ್ಳುವವರ ಅಳತೆ. ಪಾವು, ಸೇರುಗಳಲ್ಲಿ ಬೆಳೆದ ನಾನು ಹನಿ ಎಣಿಸುತ್ತ ಕೂರುವುದೇ? ಹದಿನೈದು ದಿನದ ಎಣ್ಣೆಯನ್ನು ಒಂದೇ ದಿನ ಹಚ್ಚಿದರೆ ಕೆಲಸ ಬೇಗ ಮುಗಿಯುತ್ತದೆಂದು ಲೆಕ್ಕ ಹಾಕಿದೆ. ಹೊರಡುವ ದಿನ ಬೆಳಿಗ್ಗೆ ಬರೀ ಬೇವಿನೆಣ್ಣೆಯನ್ನೇ ಅಂಗೈ ತುಂಬ ಸುರಿದುಕೊಂಡು ಮುಖಕ್ಕೆ ಬಳಿದೆ.

"ಯಾಕೋ ಮಾರಿ ಹಿಂಗ ಮಾಡ್ಕಂಡಿ?" ಎಂದಳು ಅವ್ವ. ಮೂರು ಸಲ ಸೀಗೇಪುಡಿ ಹಾಕಿ ತೊಳೆದೆ. ಮುಖ ಕೆಂಪಾಯಿತು, ಉರಿಯಿತು. ವಾಸನೆ ಮಾತ್ರ ಹೋಗಲಿಲ್ಲ. ಅದು ಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲು ಸುಟ್ಟ ಹೊಗೆಯ ಮೇಲೆ ಓಡುತ್ತಿದ್ದವು. ಮಡಕಶಿರಾ ತಲುಪುವಷ್ಟರಲ್ಲಿ ದಾರಿಯ ಮಸಿಯೆಲ್ಲ ನನ್ನ ಮುಖದ ಮೇಲೆ ಬಂದು ನೆಲೆಸಿತ್ತು. ಮೂಗಿನ ಕರಿ ಚುಕ್ಕೆಗಳನ್ನು ಬೇರೆಯಾಗಿ ಗುರುತಿಸಲು ಯಾರಿಗೂ ಸಾಧ್ಯವಿರಲಿಲ್ಲ. ಅಷ್ಟರ ಮಟ್ಟಿಗೆ ಔಷಧ ಫಲಿಸಿತ್ತು.

ಮುಖ ಒರೆಸಿಕೊಂಡು ಚಾಪೆಯ ಮೇಲೆ ಕುಳಿತೆವು. ಹುಡುಗಿ ಗೌರಮ್ಮ ನೀರು ತಂದುಕೊಟ್ಟು, ನನ್ನ ಮುಂದೆ ಬಾಗಿದವಳು ಮೂಗರಳಿಸಿ ಒಂದು ಕ್ಷಣ ಹಾಗೇ ನಿಂತಳು. ಅವಳ ಅಪ್ಪ, ಹೊಲಗೆಲಸದ ಹಿರಿಯ, ಗಾಳಿಗೆ ಮೂಗೆತ್ತಿದ.

"ಬೇವಿನೆಣ್ಣೆ ವಾಸ್ನೆ ಬತ್ತೈತೆ. ಯಾಕಪ್ಪ, ಗಾಣದ ಎತ್ತಿಗೆ ಹೆಗಲು ಹುಣ್ಣಾಗೈತಾ?"

ನೊಗ ಉಜ್ಜಿ ಹುಣ್ಣಾದರೆ ಬೇವಿನೆಣ್ಣೆ ಹಚ್ಚುವುದು ನಮ್ಮ ಕಡೆ ಎಲ್ಲರೂ ಬಲ್ಲ ವಿಷಯ. ಚೆಂದ ಕಾಣಲೆಂದು ಮುಖಕ್ಕೆ ಹಚ್ಚಿಕೊಂಡೆ ಎಂದು ಗಂಡಸಾದವನು ಹೇಳುವುದುಂಟೇ? "ಹೌದ್ರಿ," ಎಂದೆ. "ದಿನಾ ನಾನೇ ಹಚ್ಚತೀನ್ರಿ." ಅವ್ವ ಸೀರೆಯ ಸೆರಗು ನೋಡಿಕೊಳ್ಳತೊಡಗಿದಳು.

"ಎತ್ತಿನ ನೋವು ಬಲ್ಲವ್ನು," ಎಂದ ಹಿರಿಯ. "ಮನೆ ನೋಡಾಕೆ ಬತ್ತೀವಿ. ಎತ್ತೂ ನೋಡ್ತೀನಿ."

ಎರಡು ವಾರದ ಮೇಲೆ ಬಂದವನು ಮನೆಯೊಳಗೆ ಕಾಲಿಡದೆ ನೇರವಾಗಿ ಕೊಟ್ಟಿಗೆಗೆ ನಡೆದ. ನಮ್ಮ ಎತ್ತಿನ ಹೆಗಲು ಜನ್ಮದಲ್ಲಿ ಹುಣ್ಣು ಕಂಡದ್ದಲ್ಲ. ಸುಳ್ಳು ಬಯಲಾಯಿತು, ಹೆಣ್ಣು ಹೋಯಿತು ಎಂದು ನಾನು ಗಾಣದ ಮರ ಹಿಡಿದು ನಿಂತೆ. ಹಿರಿಯ ಹೆಗಲು ಸವರಿದ. ಕೂದಲು ಬಿಡಿಸಿ ನೋಡಿದ. ಮತ್ತೆ ಸವರಿದ.

"ಏನ್ ಕೈಗುಣ ಐತಪ್ಪ ನಿಂದು! ಹದಿನೈದು ದಿನದಾಗೆ ಗುರುತೂ ಇಲ್ದಂಗೆ ವಾಸಿ ಮಾಡಿದ್ದೀಯ. ಹುಡುಗೀನ ಕೊಟ್ಟೆ ಅನ್ಕೊ." ಆಮೇಲೆ ನನ್ನ ಮುಖವನ್ನು ಹತ್ತಿರದಿಂದ ನೋಡಿ, ದನಿ ತಗ್ಗಿಸಿ ಹೇಳಿದ: "ಹಂಗೇ ಆ ಎಣ್ಣೇನ ನಿನ್ನ ಮೂಗಿಗೂ ಒಂಚೂರು ಹಚ್ಕಳಪ್ಪ."

ಮದುವೆಯಾದ ಮೂರನೇ ತಿಂಗಳು ಗೌರಮ್ಮ ಕೇಳಿದಳು: "ಎತ್ತಿಗೆ ಹಚ್ಚಿದ್ರೆ ಕೈ ನಾರಬೇಕಿತ್ತು. ಅವತ್ತು ನಿಮ್ಮ ಮಖ ಯಾಕೆ ನಾರ್ತಿತ್ತು?" ಉತ್ತರಕ್ಕೆ ಕಾಯದೆ ಎಳ್ಳೆಣ್ಣೆಗೆ ಎರಡೇ ಹನಿ ಬೇವಿನೆಣ್ಣೆ ಎಣಿಸಿ ಹಾಕಿ ನನ್ನ ಮುಂದಿಟ್ಟಳು. ದಿನ ಬಿಟ್ಟು ದಿನ ತಿಕ್ಕಿ ಒರೆಸಿ ತಿಂಗಳೊಳಗೆ ಮೊಡವೆ ಇಳಿದವು; ಕರಿ ಚುಕ್ಕೆ ಮುಕ್ಕಾಲು ಪಾಲು ಹೋದವು.

ಈಗ ಅಂಗಡಿಗೆ ಬರುವ ಹರೆಯದವರಿಗೆಲ್ಲ ಈ ಔಷಧ ಹೇಳುತ್ತೇನೆ. ನನ್ನ ಸ್ವಂತ ಅನುಭವದಿಂದ ಕಂಡುಹಿಡಿದದ್ದು ಎಂದೂ ಹೇಳುತ್ತೇನೆ. ಆಗ ಒಳಗಿನಿಂದ ಗೌರಮ್ಮ, "ಎತ್ತಿನ ಕಥೆನೂ ಹೇಳಿ," ಎನ್ನುತ್ತಾಳೆ. ನನಗೆ ತಕ್ಷಣ ಕೊಟ್ಟಿಗೆಯಲ್ಲಿ ಕೆಲಸ ನೆನಪಾಗುತ್ತದೆ. ಹೋಗಿ ಎತ್ತಿನ ಹೆಗಲು ಸವರುತ್ತ ನಿಲ್ಲುತ್ತೇನೆ. ಮನೆಯಲ್ಲಿ ನಡೆದದ್ದೆಲ್ಲ ಗೊತ್ತಿದ್ದೂ ಆ ಮಾತು ಎತ್ತದಿರುವುದು ಅದೊಂದೇ.